ಹೀಟಿಂಗ್ ಆಯಿಲ್ ಎಷ್ಟು ದಿನ ಇಡಬಹುದು?

ಬಾಸ್ಟನ್ ಸುತ್ತಮುತ್ತ, ಕನೆಕ್ಟಿಕಟ್, ಮೇನ್ ಕಡೆ ಹಳೆಯ ಮನೆ ಕೊಂಡರೆ ಮನೆಯ ಜೊತೆಗೆ ಎಷ್ಟೋ ಸಲ ಒಂದು ಎಣ್ಣೆ ಟ್ಯಾಂಕೂ ಬರುತ್ತದೆ. ಬೇಸ್‌ಮೆಂಟಿನ, ಅಂದರೆ ನೆಲಮಾಳಿಗೆಯ, ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿರುವ ಉಕ್ಕಿನ ಟ್ಯಾಂಕ್. ಅದರಲ್ಲಿರುವ ಹೀಟಿಂಗ್ ಆಯಿಲ್ ಉರಿದೇ ಚಳಿಗಾಲದಲ್ಲಿ ಮನೆ ಬೆಚ್ಚಗಾಗುವುದು. ಹೀಟ್ ಪಂಪ್ ಹಾಕಿಸಿ ಎಣ್ಣೆಯನ್ನು ಆಪತ್ತಿಗಿರಲಿ ಎಂದು ಉಳಿಸಿಕೊಂಡವರಿಗೂ, ಚಳಿಗಾಲವನ್ನು ಊರಲ್ಲಿ ಕಳೆದು ಬರುವವರಿಗೂ ಇರುವ ಅನುಮಾನ ಒಂದೇ: ಇದು ಕೆಡುತ್ತದೆಯೇ?

ಕೆಡುತ್ತದೆ, ಆದರೆ ನಿಧಾನವಾಗಿ. ನಂಬರ್ 2 ಹೀಟಿಂಗ್ ಆಯಿಲ್ ಹೆಚ್ಚುಕಡಿಮೆ ಡೀಸೆಲ್ಲೇ. ವಾಹನದ ತೆರಿಗೆ ಕಟ್ಟದ ಇಂಧನ ಎಂಬ ಗುರುತಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಏನೂ ಮಾಡದೆ ಬಿಟ್ಟರೂ ಒಂದೂವರೆ–ಎರಡು ವರ್ಷಕ್ಕೆ ಮೋಸವಿಲ್ಲ. ಒಣಗಿದ, ತಂಪಾದ ಜಾಗದಲ್ಲಿ ಎಚ್ಚರಿಕೆಯಿಂದ ಇಟ್ಟರೆ ಇನ್ನೂ ಹೆಚ್ಚು ಬಾಳುತ್ತದೆ. ಬಯೋಡೀಸೆಲ್, ಅಂದರೆ ಸಸ್ಯದೆಣ್ಣೆ ಅಥವಾ ಕೊಬ್ಬಿನಿಂದ ಮಾಡಿದ ಇಂಧನ, ಹೆಚ್ಚು ಬೆರೆತಿದ್ದರೆ ಮಾತ್ರ ಬೇಗ ಹಾಳಾಗುತ್ತದೆ. ಎಷ್ಟು ಬೆರೆಸಿದ್ದಾರೆ ಎಂದು ಎಣ್ಣೆ ತರಿಸುವಾಗಲೇ ಕೇಳಿಬಿಡಿ.

ವಯಸ್ಸಿಗಿಂತ ದೊಡ್ಡ ಶತ್ರು ನೀರು. ಟ್ಯಾಂಕ್ ಅರ್ಧ ಖಾಲಿಯಿದ್ದರೆ ಉಳಿದರ್ಧ ಗಾಳಿ. ಆ ಗಾಳಿಯ ತೇವ ತಣ್ಣನೆಯ ಉಕ್ಕಿಗೆ ತಗುಲಿ ಹನಿಗಟ್ಟುತ್ತದೆ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಅಲ್ಲೇ ಕೂರುತ್ತದೆ. ನೀರು–ಎಣ್ಣೆ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಹೊಸದರಂತೆ ಹೊಳೆಯುತ್ತಲೇ ಇರುತ್ತದೆ. ಇದರ ಜೊತೆಗೆ ಆಮ್ಲಜನಕ ತಗುಲಿ ಎಣ್ಣೆ ಅಂಟಾಗುತ್ತದೆ. ಇವೆಲ್ಲ ಸೇರಿ ತಳದಲ್ಲಿ ಕಟ್ಟುವ ಕಪ್ಪು ರಾಡಿಯೇ ಸ್ಲಡ್ಜ್. ಅದು ಮೊದಲು ಫಿಲ್ಟರಿಗೆ, ಆಮೇಲೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುವ ನಾಜಲಿಗೆ ಸಿಕ್ಕಿಕೊಳ್ಳುತ್ತದೆ. ನಾಜಲಿನ ತೂತು ತೀರಾ ಸಣ್ಣದು, ಕಟ್ಟಿಕೊಳ್ಳಲು ಚಿಟಿಕೆ ಕಸ ಸಾಕು.

ನೀರಿದೆಯೇ ಎಂದು ನೋಡುವುದು ಸುಲಭ. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರು ಪತ್ತೆ ಮಾಡುವ ಪೇಸ್ಟ್ ಸಿಗುತ್ತದೆ. ಉದ್ದನೆಯ ಕೋಲಿನ ತುದಿಗೆ ಸವರಿ, ಟ್ಯಾಂಕಿನ ಮೇಲಿನ ಬಾಯಿಯಿಂದ ತಳ ಮುಟ್ಟುವಂತೆ ಇಳಿಸಿ, ತುಸು ಹೊತ್ತು ಹಿಡಿದು ಎತ್ತಿ. ನೀರು ತಗುಲಿದಷ್ಟು ಎತ್ತರಕ್ಕೆ ಪೇಸ್ಟ್ ಬಣ್ಣ ಬದಲಾಗಿರುತ್ತದೆ. ಒಂದಿಂಚು ಕಂಡರೂ ಎಣ್ಣೆ ಕಂಪನಿಯವರನ್ನು ಕರೆಸಿ ನೀರನ್ನು ಹೊರತೆಗೆಸಿ.

ಕೆಡದಂತೆ ಇಡುವ ಉಪಾಯಗಳಲ್ಲಿ ನನ್ನ ಮಟ್ಟಿಗೆ ಮುಖ್ಯವಾದದ್ದು ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿಡುವುದು. ಗಾಳಿಗೆ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ. ಸಾಮಾನ್ಯ ಟ್ಯಾಂಕ್ 275 ಗ್ಯಾಲನ್‌ನದು, ಸುಮಾರು 1,040 ಲೀಟರ್. ಎಣ್ಣೆ ಹಿಗ್ಗಲು ಜಾಗ ಬೇಕಾದ್ದರಿಂದ 250 ಗ್ಯಾಲನ್ ಹತ್ತಿರ ನಿಲ್ಲಿಸುತ್ತಾರೆ. ತುಂಬುವಾಗ ಹೊರಗಿನ ಕೊಳವೆಯಿಂದ ಸಿಳ್ಳೆ ಕೇಳುತ್ತದೆ, ಗಾಬರಿ ಬೇಡ. ಗಾಳಿ ಹೊರಹೋಗುವ ಸದ್ದು ಅದು. ಸಿಳ್ಳೆ ನಿಂತರೆ ತುಂಬಿತು ಎಂದರ್ಥ. ತುಂಬಿಸುವಾಗ ಎಣ್ಣೆ ಉರಿಸುವ ಬರ್ನರ್ ಆರಿಸಿ, ಕಲಕಿದ ರಾಡಿ ಕೆಳಗೆ ಕೂರಲು ಒಂದೆರಡು ಗಂಟೆ ಬಿಡಿ.

ಸ್ಟೆಬಿಲೈಸರ್ ಎಂಬ ಕೆಡದಂತೆ ತಡೆಯುವ ದ್ರವವೂ ಉಂಟು. ಅದನ್ನು ಹೊಸ ಎಣ್ಣೆಗೆ, ತುಂಬಿಸುವ ಮುಂಚೆ ಟ್ಯಾಂಕಿಗೆ ಹಾಕಿದರೆ ತಾನಾಗಿ ಬೆರೆಯುತ್ತದೆ. ಕೆಟ್ಟುಹೋದ ಎಣ್ಣೆಯನ್ನು ಅದು ಸರಿಮಾಡುವುದಿಲ್ಲ, ಬಾಟಲಿಯ ಮೇಲೆ ಏನೇ ಬರೆದಿರಲಿ. ಸೂಕ್ಷ್ಮಜೀವಿ ಕೊಲ್ಲುವ ಬಯೋಸೈಡ್ ಬೇರೆಯೇ ವಸ್ತು, ವಿಷ. ಮುಟ್ಟುವಾಗ ಕೈಗವಸು ಇರಲಿ.

ಟ್ಯಾಂಕ್ ಮನೆಯ ಹೊರಗಿದ್ದರೆ ಇನ್ನೊಂದು ಕಷ್ಟ. ಕಡುಚಳಿಯಲ್ಲಿ ಎಣ್ಣೆಯೊಳಗಿನ ಮೇಣ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಅದಕ್ಕೇ ಚಳಿ ಶುರುವಾಗುವ ಮೊದಲೇ ಸೀಮೆಎಣ್ಣೆ ಬೆರೆತ ಎಣ್ಣೆ ತರಿಸುತ್ತಾರೆ.

ಖರ್ಚಿನ ಮಾತು. ಎಣ್ಣೆಯ ಬೆಲೆ ಕುಣಿಯುತ್ತಲೇ ಇರುತ್ತದೆ. 2022ರಲ್ಲಿ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳ ಇಂಧನ ಇಲಾಖೆಗಳು ಸರಾಸರಿ ಬೆಲೆ ಪ್ರಕಟಿಸುತ್ತವೆ. ಆರ್ಡರ್ ಕೊಡುವ ಮುನ್ನ ನೋಡಿ, ಎರಡು ಮೂರು ಕಡೆ ವಿಚಾರಿಸಿ. ವರ್ಷಕ್ಕೊಮ್ಮೆ ಫಿಲ್ಟರ್, ನಾಜಲ್ ಬದಲಿಸಿ ಸರ್ವಿಸ್ ಮಾಡಿಸಲು ಸಾಧಾರಣವಾಗಿ 150–250 ಡಾಲರ್ ಆಗುತ್ತದೆ. ಎಣ್ಣೆ ಮಾರುವ ಅನೇಕ ಕಂಪನಿಗಳೇ ಈ ಕೆಲಸವನ್ನೂ ಮಾಡುತ್ತವೆ. ಇಲ್ಲಿ ಉಳಿತಾಯ ನೋಡಬೇಡಿ. ಬರ್ನರ್ ಹೊತ್ತಿಕೊಳ್ಳದಿದ್ದರೆ ಕೆಂಪು ರೀಸೆಟ್ ಗುಂಡಿಯನ್ನು ಒಂದು ಸಲ ಒತ್ತಿ ನೋಡಿ, ಮತ್ತೆ ಮತ್ತೆ ಬೇಡ. ಉರಿಯದ ಎಣ್ಣೆ ಒಳಗೆ ಸೇರಿ, ಹೊತ್ತಿದಾಗ ಒಮ್ಮೆಲೇ ಭಗ್ಗೆನ್ನುತ್ತದೆ.

ಇನ್ನು ಎಣ್ಣೆಯೇ ಬೇಡ ಎಂದು ತೀರ್ಮಾನಿಸಿದರೆ ಚರಂಡಿಗಾಗಲಿ ಹಿತ್ತಲಿಗಾಗಲಿ ಸುರಿಯುವ ಹಾಗಿಲ್ಲ. ಲೈಸೆನ್ಸ್ ಇರುವವರಿಂದಲೇ ಖಾಲಿ ಮಾಡಿಸಿ. ಟ್ಯಾಂಕ್ ತೆಗೆಸಿದ ದಿನವೇ ಗೋಡೆಯ ಹೊರಗಿರುವ ತುಂಬಿಸುವ ಕೊಳವೆಯನ್ನೂ ಕೀಳಿಸಿ. ವಿಳಾಸ ತಪ್ಪಿ ಬಂದ ಲಾರಿಯವರು ಆ ಕೊಳವೆಗೆ ಎಣ್ಣೆ ಬಿಟ್ಟು, ಟ್ಯಾಂಕಿಲ್ಲದ ನೆಲಮಾಳಿಗೆಯೇ ಎಣ್ಣೆಮಯವಾದ ಮನೆಗಳಿವೆ.