ನಿಮಗಿದು ಗೊತ್ತೇ? ಡಿಎನ್‌ಎಗೂ ಬಣ್ಣ ಹಾಕ್ತಾರ!

ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಹಾಕಿದ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಡಿಎನ್‌ಎಗೆ ಬಣ್ಣ ಹಾಕುವವರದು ಉಲ್ಟಾ ಪದ್ಧತಿ: ಮೊದಲು ದೀಪ ಆರಿಸಬೇಕು, ಆಮೇಲೆ ನೇರಳಾತೀತ ಕಿರಣ ಬಿಟ್ಟು ನೋಡಬೇಕು.

ಇದರಿಂದ ರೈತನಿಗೇನು ಲಾಭ? ದಾಳಿಂಬೆ ಹಚ್ಚಿದವರನ್ನು ಕೇಳಿ. ಎಲೆಯ ಮೇಲಿನ ಚುಕ್ಕೆ ದುಂಡಾಣು ಅಂಗಮಾರಿಯದೋ ಶಿಲೀಂಧ್ರದ್ದೋ ಎಂಬುದು ಎಷ್ಟೋ ಸಲ ಬರಿಗಣ್ಣಿಗೆ ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಆ ದುಂಡಾಣುವಿನ ಡಿಎನ್‌ಎ ತುಣುಕನ್ನಷ್ಟೇ ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ನಕಲು ಮಾಡಿ, ಅಗರೋಸ್ ಜೆಲ್‌ನಲ್ಲಿ ಓಡಿಸುತ್ತಾರೆ. ನಿರೀಕ್ಷಿಸಿದ ಜಾಗದಲ್ಲಿ ಪಟ್ಟೆ ಹೊಳೆದರೆ ಅಂಗಮಾರಿ ಇದೆ ಎಂದರ್ಥ.

ಅಗರೋಸ್ ಹುಟ್ಟುವುದು ಸಮುದ್ರದ ಕೆಂಪು ಪಾಚಿಯಲ್ಲಿ. ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸ್ ಇದೆಯಲ್ಲ, ಅದನ್ನೇ ಇನ್ನಷ್ಟು ಶುದ್ಧ ಮಾಡಿದ ರೂಪ. ಬೆಲೆ ಮಾತ್ರ ಕಿರಾಣಿ ಅಂಗಡಿಯದಲ್ಲ!

ಡಿಎನ್‌ಎ ಋಣ ವಿದ್ಯುದಂಶದ್ದು, ಹಾಗಾಗಿ ಧನ ವಿದ್ಯುತ್ತಿನ ಕೆಂಪು ವೈರಿನ ಕಡೆಗೇ ಓಡುತ್ತದೆ. ಚಿಕ್ಕ ತುಣುಕು ಮುಂದೆ, ದೊಡ್ಡದು ಹಿಂದೆ. ವೈರು ಅದಲುಬದಲಾದರೆ ಮಾದರಿ ಹಿಮ್ಮುಖವಾಗಿ ಹೊರಟು, ಜೆಲ್ಲನ್ನೇ ಬಿಟ್ಟು ನೀರುಪಾಲು.

ಓಡುವಾಗ ಕಾಣುವ ನೀಲಿ ಗೆರೆ ಡಿಎನ್‌ಎ ಅಲ್ಲ. ಅದು ಬ್ರೋಮೋಫಿನಾಲ್ ಬ್ಲೂ. ಓಟ ಎಲ್ಲಿಗೆ ಬಂತು ಎಂದು ತಿಳಿಯಲು ಬೆರೆಸಿದ್ದು. ಶೇ. 1ರ ಜೆಲ್‌ನಲ್ಲಿ ಸುಮಾರು 300 ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲು) ಉದ್ದದ ತುಣುಕಿನ ಜೊತೆಜೊತೆಗೆ ಸಾಗುತ್ತದೆ.

ನಿಜವಾದ ಬಣ್ಣ ಎಥಿಡಿಯಂ ಬ್ರೋಮೈಡ್. ಡಿಎನ್‌ಎ ಏಣಿಯ ಎರಡು ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತದೆ. ಕೂತ ಮೇಲೆ ಇದರ ಕಿತ್ತಳೆ ಹೊಳಪು ಸುಮಾರು 20 ಪಟ್ಟು ಹೆಚ್ಚುತ್ತದೆ. ಇದು ಧನ ವಿದ್ಯುದಂಶದ್ದಾದ್ದರಿಂದ ಜೆಲ್‌ನಲ್ಲಿ ಡಿಎನ್‌ಎಗೆ ಎದುರು ದಿಕ್ಕಿಗೆ ಸರಿಯುತ್ತದೆ. ದೂರ ಓಡಿದ ಚಿಕ್ಕ ತುಣುಕುಗಳು ಮಸುಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಕೇಳಿದರೆ ನಂಬುವುದು ಕಷ್ಟ. ಇದೇ ವಸ್ತು ಹೋಮಿಡಿಯಂ ಎಂಬ ಹೆಸರಿನಲ್ಲಿ ದನದ ಔಷಧಿ! ಆಫ್ರಿಕಾದಲ್ಲಿ ಟ್ರಿಪನೋಸೋಮ ರೋಗ ಬಂದ ದನಗಳಿಗೆ 1950ರ ದಶಕದಿಂದ ಚುಚ್ಚಿದ್ದಾರೆ, ಕಿಲೋ ತೂಕಕ್ಕೆ 1 ಮಿಲಿಗ್ರಾಂ. 300 ಕಿಲೋದ ಹೋರಿಗೆ 300 ಮಿಲಿಗ್ರಾಂ ಆಯಿತು. 50 ಮಿಲಿಲೀಟರಿನ ಒಂದು ಜೆಲ್‌ಗೆ ಬೇಕಾಗುವುದು ಸುಮಾರು 25 ಮೈಕ್ರೋಗ್ರಾಂ. ಅಂದರೆ ಒಂದು ಹೋರಿಯ ಇಂಜೆಕ್ಷನ್‌ನಲ್ಲಿ 12,000 ಜೆಲ್‌ಗಳ ಬಣ್ಣ.

ಹಾಗಂತ ಬರಿಗೈ ಹಾಕಬೇಡಿ. ಯಕೃತ್ತಿನ ಸಾರ ಬೆರೆಸಿದಾಗ ಇದು ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಕೆಡಿಸುತ್ತದೆ ಎಂದು 1977ರಲ್ಲೇ ವರದಿಯಾಗಿದೆ. ಚೆಲ್ಲಿದ್ದಕ್ಕೆ ಬ್ಲೀಚಿಂಗ್ ಪೌಡರ್ ಸುರಿಯುವುದೂ ಜಾಣತನವಲ್ಲ, ಅದರಿಂದ ಹುಟ್ಟುವ ಹೊಸ ವಸ್ತುಗಳಿಗೂ ಅದೇ ಗುಣ ಇರಬಲ್ಲದು. ಇದ್ದಿಲ ಪುಡಿಗೆ ಹೀರಿಸುವುದು ಲೇಸು.

ಜೆಲ್‌ರೆಡ್ ಎಂಬ ಹೊಸ ಬಣ್ಣದ ಅಣು ದೊಡ್ಡದು, ಜೀವಕೋಶದೊಳಗೆ ಸುಲಭವಾಗಿ ನುಗ್ಗಲಾರದು. ಸೈಬರ್ ಸೇಫ್ ಎಂಬ ಇನ್ನೊಂದು ಬಣ್ಣಕ್ಕೆ ನೀಲಿ ಬೆಳಕು ಸಾಕು. ಅದೇ ಲೇಸು, ಏಕೆಂದರೆ ನೇರಳಾತೀತ ಕಿರಣ ಕಣ್ಣಿಗೂ ಹಾನಿ, ಡಿಎನ್‌ಎಗೂ ಹಾನಿ.

ನೇಕಾರರಿಗೆ ಇಷ್ಟವಾಗಬಹುದಾದ ಸಂಗತಿ: 1876ರಲ್ಲಿ ಜರ್ಮನಿಯಲ್ಲಿ ಹತ್ತಿಬಟ್ಟೆಗೆಂದು ತಯಾರಿಸಿದ ಮಿಥಿಲೀನ್ ಬ್ಲೂ ಡಿಎನ್‌ಎಗೂ ಹತ್ತುತ್ತದೆ. ಹಗಲು ಬೆಳಕಿನಲ್ಲೇ ಕಾಣುವುದರಿಂದ ಶಾಲೆಗಳಿಗೆ ಇದೇ ಸರಿ ಎಂಬುದು ನನ್ನ ಮತ. ಆದರೆ ಎಥಿಡಿಯಂಗಿಂತ ಎಷ್ಟೋ ಪಟ್ಟು ಹೆಚ್ಚು ಡಿಎನ್‌ಎ ಬೇಕು.

ಕೊನೆಗೊಂದು ಪ್ರಶ್ನೆ: ಮುಧೋಳ ನಾಯಿಯ ಮರಿಗೆ ತಂದೆ ಯಾರು ಎಂದು ಈ ಜೆಲ್ ಹೇಳೀತೇ? ಸಾಮಾನ್ಯವಾಗಿ ಇಲ್ಲ. ಪಿತೃತ್ವ ಪರೀಕ್ಷೆಯಲ್ಲಿ ನೋಡುವ ತುಣುಕುಗಳ ಅಂತರ ಎರಡೋ ನಾಲ್ಕೋ ಜೋಡಿಯಷ್ಟೇ ಇರುತ್ತದೆ; ಸಾದಾ ಅಗರೋಸ್‌ನಲ್ಲಿ ಅವೆಲ್ಲ ಒಂದೇ ಪಟ್ಟೆಯಾಗಿ ಬಿಡುತ್ತವೆ. ಅದಕ್ಕೆ ಕೂದಲೆಳೆಯಂಥ ಕೊಳವೆಗಳಲ್ಲಿ ಡಿಎನ್‌ಎ ಓಡಿಸುವ ದುಬಾರಿ ಯಂತ್ರವೇ ಬೇಕು.