ಬೊಜ್ಜಿನ ಶಸ್ತ್ರಚಿಕಿತ್ಸೆ: ದೇಹದೊಳಗೆ ಆಗುವುದೇನು?

ಬೊಜ್ಜು ಪೇಟೆಯ ಸಾಹುಕಾರರ ಕಾಯಿಲೆ ಎಂಬ ಮಾತು ಹಿಂದೆ ಇತ್ತು. ಈಗ ಅದು ನಮ್ಮ ತೋಟದ ಮನೆಗಳಿಗೂ ಬಂದಿದೆ. ನಡೆದು ಹೋಗುತ್ತಿದ್ದ ದಾರಿಯಲ್ಲಿ ಜೀಪು, ಬೈಕು ಓಡುತ್ತಿವೆ. ಊಟ ಮಾತ್ರ ಗುದ್ದಲಿ ಹಿಡಿದು ದುಡಿದ ಕಾಲದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜಿದೆ.

ಇದರ ಬೆನ್ನಿಗೇ ಆಪರೇಷನ್ ಮಾಡಿಸಿ ತೂಕ ಇಳಿಸುವ ಮಾತೂ ಕೇಳಿಬರುತ್ತಿದೆ. ಕೊಬ್ಬನ್ನು ಕೊಯ್ದು ತೆಗೆಯುವ ಕೆಲಸವೇ ಇದು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಇದರಲ್ಲಿ ವೈದ್ಯರು ಕೊಬ್ಬನ್ನು ಮುಟ್ಟುವುದಿಲ್ಲ. ಜಠರ ಮತ್ತು ಕರುಳಿನ ವ್ಯವಸ್ಥೆಯನ್ನು ಬದಲಿಸುತ್ತಾರೆ.

ಬೂದಿ ಮುಚ್ಚಿದ ಕೆಂಡ

ಕೊಬ್ಬು ದೇಹದ ಉಗ್ರಾಣ, ಅಷ್ಟೇ ಎಂದು ಬಹುಕಾಲ ನಂಬಲಾಗಿತ್ತು. 1993ರಲ್ಲಿ ಅಮೆರಿಕದ ಹೊಟಮಿಸ್ಲಿಗಿಲ್, ಸ್ಪೀಗಲ್‌ಮನ್ ಮತ್ತು ಸಂಗಡಿಗರು ಬೇರೊಂದು ಸಂಗತಿಯನ್ನು ಕಂಡರು. ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಉರಿಯೂತ ತರುವ ಟಿ.ಎನ್.ಎಫ್. ಎಂಬ ವಸ್ತು ಹೆಚ್ಚಾಗಿ ತಯಾರಾಗುತ್ತಿತ್ತು. ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತಿತ್ತು. ಉಬ್ಬಿದ ಕೊಬ್ಬಿನ ನಡುವೆ ಒಂದು ಜಾತಿಯ ರಕ್ಷಕ ಕಣಗಳು ಬಂದು ತುಂಬಿಕೊಳ್ಳುವುದು 2003ರಲ್ಲಿ ತಿಳಿಯಿತು.

ಕತ್ತಿ ತಾಗಿದ ಗಾಯದ ಉರಿಯೂತ ಕೆಲವು ದಿನಗಳಲ್ಲಿ ಆರುತ್ತದೆ. ಬೊಜ್ಜಿನ ಉರಿಯೂತ ಹಾಗಲ್ಲ. ಜ್ವರವಿಲ್ಲ, ನೋವಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಇರುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತನಾಳದ ಕಾಯಿಲೆಗಳಿಗೆ ಇದೂ ಒಂದು ದಾರಿ. ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ.

ಎರಡು ವಿಧಾನಗಳು

ಮೊದಲನೆಯದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಎರಡನೆಯದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಬೈಪಾಸ್ ವಿಧಾನವನ್ನು 1966ರಲ್ಲಿ ಅಮೆರಿಕದ ಐಯೊವಾ ವಿಶ್ವವಿದ್ಯಾಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಮತ್ತು ಡಾ. ಇಟೊ ಆರಂಭಿಸಿದರು.

ಮೊದಲು ಸಕ್ಕರೆ, ಆಮೇಲೆ ತೂಕ

1995ರಲ್ಲಿ ಅದೇ ದೇಶದ ಗ್ರೀನ್‌ವಿಲ್ ಊರಿನ ಡಾ. ವಾಲ್ಟರ್ ಪೋರೀಸ್ ತಮ್ಮ ಬೈಪಾಸ್ ರೋಗಿಗಳ ವಿವರ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿದ್ದ 146 ಮಂದಿಯಲ್ಲಿ 121 ಮಂದಿಯ ರಕ್ತದ ಸಕ್ಕರೆ ಸಮಸ್ಥಿತಿಗೆ ಬಂದಿತ್ತು. ತೂಕ ಇಳಿಯುವ ಮುನ್ನವೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯತೊಡಗುವುದು ಸೋಜಿಗದ ಸಂಗತಿಯಾಗಿತ್ತು.

ಇದಕ್ಕೆ ಕಾರಣಗಳಿವೆ. ಆಹಾರ ಬಹಳ ಕಡಿಮೆಯಾದಾಗ ಯಕೃತ್ತಿನ ಕೊಬ್ಬು ಕರಗಿ, ಅದು ರಕ್ತಕ್ಕೆ ಸುರಿಯುವ ಸಕ್ಕರೆ ತಗ್ಗುತ್ತದೆ. ಆಹಾರ ಬೇಗನೆ ಕೆಳಗಿನ ಕರುಳು ಸೇರುವುದರಿಂದ ಅಲ್ಲಿ ಜಿ.ಎಲ್.ಪಿ.-1 ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ, ಹಸಿವನ್ನೂ ತಗ್ಗಿಸುತ್ತದೆ.

ಉರಿಯೂತ ಇಷ್ಟು ಬೇಗ ಇಳಿಯದು. ಆಪರೇಷನ್ನಿನ ಗಾಯದಿಂದ ಮೊದಲ ದಿನಗಳಲ್ಲಿ ಸಿ.ಆರ್.ಪಿ. ಏರುವುದೂ ಉಂಟು. ತೂಕ ಇಳಿದಂತೆ, ತಿಂಗಳುಗಳ ಮೇಲೆ ಕೆಂಡ ಆರುತ್ತ ಬರುತ್ತದೆ.

ಬರೀ ಕೊಬ್ಬು ತೆಗೆದರೆ ಸಾಲದೆ? 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇದನ್ನೂ ಪರೀಕ್ಷಿಸಿದರು. 15 ಸ್ಥೂಲ ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ತಲಾ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆಯಲಾಯಿತು. ಎರಡೂವರೆ ತಿಂಗಳ ಮೇಲೂ ಇನ್ಸುಲಿನ್ನಿನ ಕೆಲಸ ಸುಧಾರಿಸಲಿಲ್ಲ, ಸಿ.ಆರ್.ಪಿ.ಯೂ ಇಳಿಯಲಿಲ್ಲ.

ಆಪರೇಷನ್ನಿನ ನಂತರ

ಇದು ಶಾಶ್ವತ ಪರಿಹಾರವೆಂದು ನಂಬಿ ಕೂರುವಂತಿಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಸಾವು ಕಡಿಮೆಯಾಯಿತು. ಆದರೆ ಸಕ್ಕರೆ ಕಾಯಿಲೆಯಿಂದ ಬಿಡುಗಡೆ ಪಡೆದವರು ಎರಡು ವರ್ಷಕ್ಕೆ ನೂರಕ್ಕೆ 72 ಇದ್ದದ್ದು ಹತ್ತು ವರ್ಷಕ್ಕೆ 36ಕ್ಕೆ ಇಳಿಯಿತು. ಅಲ್ಲಿ ಮಾಡಿದವುಗಳಲ್ಲಿ ಬಹುಪಾಲು ಹಳೆಯ ವಿಧಾನದವು ಎಂಬುದನ್ನೂ ಗಮನಿಸಬೇಕು.

ಆಪರೇಷನ್ ಮಾಡಿಸಿಕೊಂಡವರು ಈ ಕೆಳಗಿನ ಅಂಶಗಳನ್ನು ಮರೆಯಬಾರದು:

1. ಸಕ್ಕರೆಯ ಮಾತ್ರೆ, ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕು.

2. ಕಬ್ಬಿಣ, ಬಿ-12, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಕೊರತೆ ಬರುವುದುಂಟು. ಮಾತ್ರೆ ಮತ್ತು ರಕ್ತಪರೀಕ್ಷೆ ಜೀವಮಾನವಿಡೀ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗಬಾರದು. ಕಬ್ಬಿಣ ಮೈಗೆ ಹತ್ತುವುದಿಲ್ಲ.

3. ಬೈಪಾಸ್ ಆದವರಿಗೆ ಮದ್ಯ ಬೇಗನೆ ಏರುತ್ತದೆ. ದೂರವಿರುವುದೇ ಲೇಸು.

4. ಹೆಣ್ಣುಮಕ್ಕಳು ಕನಿಷ್ಠ ಒಂದು ವರ್ಷ ಗರ್ಭ ಧರಿಸದಿರುವುದು ಒಳ್ಳೆಯದು.

ಕಾಫಿ ಗಿಡಕ್ಕೆ ಕಸಿ ಮಾಡಿ, ಆಮೇಲೆ ಕಂಬಚಿಗುರು ತೆಗೆಯದೆ ಬಿಟ್ಟರೆ ಮಾಡಿದ ಖರ್ಚು ವ್ಯರ್ಥ. ಇಲ್ಲಿಯೂ ಹಾಗೆಯೇ. ಆದುದರಿಂದ ತೋಟದ ಮೇಲೆ ಸಾಲ ಎತ್ತುವ ಮುನ್ನ ಆಪರೇಷನ್ನಿನ ವೆಚ್ಚದ ಜತೆಗೆ ಮುಂದಿನ ವರ್ಷಗಳ ಮಾತ್ರೆ, ಪರೀಕ್ಷೆ, ಪ್ರಯಾಣದ ಖರ್ಚನ್ನೂ ಲೆಕ್ಕ ಹಾಕಬೇಕು. ಪಥ್ಯ, ನಡಿಗೆ, ಔಷಧಿಗಳಿಂದ ಹತೋಟಿಗೆ ಬರುವುದೇ ಎಂದು ವೈದ್ಯರಲ್ಲಿ ಮೊದಲು ವಿಚಾರಿಸಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ದರೆ ಈ ವಾರವೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.