ಗೆರೆಗಳಲ್ಲಿ ಬೆಳೆಯುವ ಹುಡುಗಿಯರು

ಕಾರ್ಟೂನು ಮಕ್ಕಳಿಗೆ, ಧಾರಾವಾಹಿ ಹೆಂಗಸರಿಗೆ, ವಾರ್ತೆ ಗಂಡಸರಿಗೆ – ಹೀಗೊಂದು ಪಾಲುಪಟ್ಟಿ ನಮ್ಮ ಮನೆಗಳಲ್ಲಿ ಯಾರೂ ಬರೆಯದೆಯೇ ಜಾರಿಗೆ ಬಂದುಬಿಟ್ಟಿದೆ. ಈ ಯಾವ ಪಾಲಿಗೂ ಸೇರದವರು ಹದಿಹರೆಯದ ಮಕ್ಕಳು. ಮೊಬೈಲ್ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಸೇರುತ್ತಾರೆ. ‘ಏನೇ ಅದು?’ ಎಂದು ಕೇಳಿದರೆ ‘ಅನಿಮೆ’ ಎಂಬ ಒಂದೇ ಪದದ ಉತ್ತರ. ಇಣುಕಿ ನೋಡಿದರೆ ದೊಡ್ಡ ಕಣ್ಣಿನ ಗೊಂಬೆಗಳು, ತಿಳಿಯದ ಭಾಷೆ. ‘ಇಷ್ಟು ವಯಸ್ಸಾದರೂ ಕಾರ್ಟೂನೇ?’ ಎಂದು ಗದರಿ ಅಮ್ಮ ಅಡಿಗೆಮನೆಗೆ ಹೋಗುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು!

ಅನಿಮೆ ಎಂದರೆ ಬೇರೇನೂ ಅಲ್ಲ, ಜಪಾನಿನಲ್ಲಿ ತಯಾರಾಗುವ ಚಲಿಸುವ ಚಿತ್ರಗಳು. ‘ಅನಿಮೇಷನ್’ ಎಂಬ ಪದವನ್ನೇ ಅಲ್ಲಿಯವರು ಮೊಟಕುಗೊಳಿಸಿಕೊಂಡಿದ್ದಾರೆ. ಇದು ನಮಗೆ ಹೊಸ ನೆಂಟಸ್ತಿಕೆಯೂ ಅಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ‘ಜಂಗಲ್ ಬುಕ್’ ನೆನಪಿದೆಯೇ? ಇಂದಿನ ಎಷ್ಟೋ ತಾಯಂದಿರು ಅಂದು ಫ್ರಾಕು ತೊಟ್ಟು ಅದರ ಮುಂದೆ ಕುಳಿತವರೇ. ಆ ಮೋಗ್ಲಿಯನ್ನು ಬರೆದದ್ದು ಜಪಾನಿನ ಕಲಾವಿದರು. ಯುಗೊ ಸಾಕೊ ಎಂಬ ಜಪಾನೀಯರು ನಮ್ಮ ರಾಮ್ ಮೋಹನ್ ಅವರನ್ನು ಜೊತೆಗೂಡಿಸಿಕೊಂಡು 1992ರಲ್ಲಿ ರಾಮಾಯಣವನ್ನೇ ಇಂಥ ಚಿತ್ರವಾಗಿ ಮಾಡಿದರು. 2025ರ ಜನವರಿಯಲ್ಲಿ ಅದು ನಮ್ಮ ದೇಶದ ಚಿತ್ರಮಂದಿರಗಳಿಗೂ ಬಂತು.

ನನ್ನ ತವರು ಸೊರಬ, ಸೇರಿದ ಮನೆ ಶಿಕಾರಿಪುರ. ಸೊರಬದಲ್ಲೇ ಇರುವ ನನ್ನ ತಂಗಿಯ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಶಿವಮೊಗ್ಗದ ಹಾಸ್ಟೆಲಿಗೆ ಹೊರಟು ನಿಂತವಳು. ಶಾಲೆಯಲ್ಲಿ ಮೊದಲನೆಯವಳು, ಮನೆಯಲ್ಲಿ ಮಾತ್ರ ಮೌನಗೌರಿ. “ಹುಡುಗಿ ಬಾಯೇ ಬಿಡೂದಿಲ್ಲ ಅಕ್ಕಾ, ಮೂರು ಹೊತ್ತೂ ಆ ಜಪಾನಿನ ಗೊಂಬೆ. ಇವಳನ್ನ ಹಾಸ್ಟೆಲಿಗೆ ಕಳಿಸೂದು ಹ್ಯಾಗೆ?” ಎಂದು ತಂಗಿ ಫೋನಿನಲ್ಲಿ ಅಲವತ್ತುಕೊಂಡಳು. “ಗೊಂಬೆ ಕಿತ್ತುಕೊಳ್ಳೋದು ಇದ್ದೇ ಇದೆ, ಮೊದಲು ನಾವೂ ನೋಡೋಣ” ಎಂದೆ. ಬೇಸಿಗೆ ರಜೆಯಲ್ಲಿ ಒಂದು ವಾರ ಅವರು ನಮ್ಮಲ್ಲಿ, ಇನ್ನೊಂದು ವಾರ ನಾನು ಅವರಲ್ಲಿ. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ತಂಗಿಗೆ ಇಂಗ್ಲಿಷ್ ಅಷ್ಟಾಗಿ ಓಡದು. ಹಾಗಾಗಿ ಮಗಳೇ ಕನ್ನಡದಲ್ಲಿ ಹೇಳುತ್ತಾ ಹೋಗಬೇಕಾಯಿತು. ಹಲವು ತಿಂಗಳ ಮೇಲೆ ಆ ಮನೆಯಲ್ಲಿ ಹುಡುಗಿಯ ದನಿ ಕೇಳಿದ್ದು ಹೀಗೆ.

ನೆಲ ಒರೆಸಿ ದೊಡ್ಡವಳಾದ ಚಿಹಿರೊ

ಮೊದಲು ನೋಡಿದ್ದು ಹಯಾವೊ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’. 2001ರ ಚಿತ್ರ, 2003ರಲ್ಲಿ ಆಸ್ಕರ್ ಪಡೆದದ್ದು. ಹತ್ತು ವರ್ಷದ ಚಿಹಿರೊ ಕಾರಿನ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಬಿದ್ದಿರುವಲ್ಲಿಂದ ಕಥೆ ಶುರು. ದಾರಿತಪ್ಪಿ ದೇವತೆಗಳ ಊರು ಸೇರಿದಾಗ, ಅಲ್ಲಿಟ್ಟ ಊಟಕ್ಕೆ ಕೇಳದೇ ಕೈಹಾಕಿದ ಅಪ್ಪ ಅಮ್ಮ ಹಂದಿಗಳಾಗಿಬಿಡುತ್ತಾರೆ. ದೇವತೆಗಳು ಸ್ನಾನಕ್ಕೆ ಬರುವ ದೊಡ್ಡದೊಂದು ಬಚ್ಚಲಮನೆಯಲ್ಲಿ ಹುಡುಗಿ ಕೂಲಿಗೆ ನಿಲ್ಲಬೇಕಾಗುತ್ತದೆ. ಯಜಮಾನಿ ಯುಬಾಬಾ ಅವಳ ಹೆಸರನ್ನೇ ಕಸಿದು ‘ಸೆನ್’ ಎಂದು ಕರೆಯುತ್ತಾಳೆ.

ಇಲ್ಲಿ ಗಮನಿಸಿ. ಚಿಹಿರೊ ಧೈರ್ಯವಂತೆಯಾದಳು ಎಂದು ಚಿತ್ರದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಆರಂಭದಲ್ಲಿ ಕಡಿದಾದ ಮೆಟ್ಟಿಲನ್ನು ಕುಳಿತುಕೊಂಡೇ ಒಂದೊಂದಾಗಿ ಇಳಿಯುತ್ತಾಳೆ. ಆಮೇಲೆ ಅದೇ ಕಟ್ಟಡದ ಹೊರಗೋಡೆಯ ಕೊಳವೆಯ ಮೇಲೆ ಓಡುತ್ತಾಳೆ. ನೆಲ ಒರೆಸುವಾಗ ಮೊದಲ ದಿನ ಉಳಿದವರ ಸಮಕ್ಕೆ ಬರಲಾರದೆ ಹಿಂದೆ ಬೀಳುವ ಹುಡುಗಿ, ಮುಂದೆ ಕೊಳಕು ತುಂಬಿದ ನದಿದೇವತೆಯ ಮೈಯಿಂದ ಹಳೆಯ ಸೈಕಲ್ಲು, ಕಸಕಡ್ಡಿ ಎಳೆದು ಹಾಕುತ್ತಾಳೆ. ಪಾತ್ರ ಬೆಳೆದದ್ದನ್ನು ನಿರ್ದೇಶಕರು ಕೈಕಾಲುಗಳಲ್ಲಿ ತೋರಿಸಿದ್ದಾರೆ. ಎದುರಿಗೆ ಚಿನ್ನ ಸುರಿದರೂ ‘ನನಗೆ ಬೇಡ’ ಎನ್ನುವಷ್ಟು ಹುಡುಗಿ ಗಟ್ಟಿಯಾದದ್ದು ಈ ದುಡಿಮೆಯಿಂದಲೇ.

ಇನ್ನೊಂದು ದೃಶ್ಯ. ಹಾಕು ಎಂಬ ಹುಡುಗ ಅವಳಿಗೆ ಅನ್ನದ ಉಂಡೆ ಕೊಡುತ್ತಾನೆ. ಒಂದು ತುತ್ತು ತಿಂದದ್ದೇ ತಡ, ಅದುವರೆಗೆ ತಡೆದಿದ್ದ ಅಳು ದೊಡ್ಡ ದೊಡ್ಡ ಹನಿಯಾಗಿ ಉರುಳುತ್ತದೆ. ಕೈತುತ್ತು ತಿಂದು ಬೆಳೆದ ನಮಗೆ ಇದನ್ನು ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ.

ಹಾರಲಾರದ ದಿನ

ಎರಡನೆಯದು ಮಿಯಾಝಾಕಿಯವರದೇ ‘ಕಿಕೀಸ್ ಡೆಲಿವರಿ ಸರ್ವೀಸ್’ (1989). ಎಯ್ಕೊ ಕದೊನೊ ಎಂಬ ಲೇಖಕಿಯ ಪುಸ್ತಕದ ಮೇಲೆ ಮಾಡಿದ್ದು. ಮಾಟಗಾತಿಯರ ಮನೆತನದ ಕಿಕಿಗೆ ಹದಿಮೂರು ತುಂಬಿದೆ. ಆ ವಯಸ್ಸಿಗೆ ಮನೆಬಿಟ್ಟು ಹೊರಟು ಒಂದು ವರ್ಷ ಬೇರೆ ಊರಿನಲ್ಲಿ ತಾನೇ ಬದುಕಬೇಕೆಂಬುದು ಅವರ ಪದ್ಧತಿ. ಹೊಸಿಲು ದಾಟುವ ಹೆಣ್ಣಿನ ಕಥೆ ನಮ್ಮ ಕಡೆಯವರಿಗೆ ಹೊಸದೇ? ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಅಕ್ಕನ ದಾರಿಯೇ ಬೇರೆ, ಈ ಪುಟ್ಟ ಹುಡುಗಿಯ ದಾರಿಯೇ ಬೇರೆ. ಆದರೆ ಹಿಂದೆ ಉಳಿದವರ ಎದೆ ಢವಗುಟ್ಟುವುದು ಒಂದೇ ಬಗೆ.

ಕಿಕಿ ಬ್ರೆಡ್ ಅಂಗಡಿಯ ತುಂಬು ಬಸುರಿ ಒಸೊನೊಳ ಮನೆಯಲ್ಲಿ ಇಳಿದುಕೊಂಡು, ಪೊರಕೆಯ ಮೇಲೆ ಹಾರಿ ಮನೆಮನೆಗೆ ಸಾಮಾನು ತಲುಪಿಸುವ ಕೆಲಸ ಹಿಡಿಯುತ್ತಾಳೆ. ಒಂದು ದಿನ ಅಜ್ಜಿಯೊಬ್ಬಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ತಿಂಡಿ ಕಳಿಸಬೇಕು. ಕರೆಂಟಿನ ಒಲೆ ಕೈಕೊಟ್ಟಿದೆ. ಕಿಕಿ ಹಳೆಯ ಸೌದೆ ಒಲೆ ಹೊತ್ತಿಸಿ, ಬೇಯಿಸಲು ನೆರವಾಗಿ, ಸುರಿವ ಮಳೆಯಲ್ಲಿ ತೊಯ್ದು ತಪ್ಪಡಿಯಾಗಿ ಹೊತ್ತೊಯ್ಯುತ್ತಾಳೆ. ಬಾಗಿಲು ತೆರೆದ ಮೊಮ್ಮಗಳು ‘ಅಜ್ಜಿಯ ಈ ತಿಂಡಿ ನನಗೆ ಸೇರೋದೇ ಇಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಬೆಳಿಗ್ಗೆಯಿಂದ ಒಲೆಯ ಮುಂದೆ ಬೆಂದು ಮಾಡಿದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದಾಗ ಹೇಗಿರುತ್ತದೆಂದು ನಿಮಗೆ ಹೇಳಬೇಕೇ? ನಿರ್ದೇಶಕರು ಅಲ್ಲಿ ಸಂಗೀತ ಸುರಿದು ಅಳಿಸುವುದಿಲ್ಲ. ಬಾಗಿಲು ಮುಚ್ಚಿತು, ಹುಡುಗಿ ತಿರುಗಿ ಹೊರಟಳು, ಅಷ್ಟೇ.

ಮುಂದೊಂದು ದಿನ ಕಿಕಿಗೆ ಹಾರಲು ಬರದೇ ಹೋಗುತ್ತದೆ. ಕಾರಣ ಇಂಥದೇ ಎಂದು ಚಿತ್ರ ಬೆರಳಿಟ್ಟು ತೋರಿಸುವುದಿಲ್ಲ. ಕಾಡಿನ ಮನೆಯಲ್ಲಿರುವ ಚಿತ್ರಕಾರ್ತಿ ಗೆಳತಿಯೊಬ್ಬಳು, ‘ನನಗೂ ಚಿತ್ರ ಬರೆಯಲಾಗದ ದಿನಗಳಿವೆ, ಆಗ ಸುಮ್ಮನಿದ್ದುಬಿಡುತ್ತೇನೆ’ ಎಂಬರ್ಥದ ಮಾತಾಡುತ್ತಾಳೆ.

ಈ ದೃಶ್ಯವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದ ಹುಡುಗಿ ನಡುವೆ ನಿಲ್ಲಿಸಿಬಿಟ್ಟಳು. ತಂಗಿ ತಿರುಗಿ ನೋಡಿದಳು. “ಅಮ್ಮಾ, ಅಲ್ಲಿ ಹೋದಮೇಲೆ ನಂಗೆ ಇಲ್ಲಿನಷ್ಟು ಮಾರ್ಕ್ಸ್ ಬರದೇ ಹೋದ್ರೆ? ಅದೇ ಭಯ ನಂಗೆ.” ತಿಂಗಳುಗಟ್ಟಲೆಯ ಮೌನಕ್ಕೆ ಕಾರಣ ಮೊಬೈಲಲ್ಲ, ಇದು! ತಂಗಿ ತಕ್ಷಣ ಬುದ್ಧಿಮಾತು ಹೇಳಲಿಲ್ಲ. “ಬರದಿದ್ರೆ ಬರಲ್ಲ. ಶನಿವಾರ ಬಸ್ಸು ಹತ್ತಿ ಮನೆಗೆ ಬಾ” ಎಂದಳು. ಚಿತ್ರದ ಒಸೊನೊ ಕೂಡ ಜ್ವರ ಬಂದ ಕಿಕಿಗೆ ಗಂಜಿ ಕೊಟ್ಟಳೇ ಹೊರತು ಉಪದೇಶ ಕೊಟ್ಟವಳಲ್ಲ.

ಸುಮ್ಮನಿರುವ ಕಲೆ

ಮಿಯಾಝಾಕಿಯವರ ಚಿತ್ರಗಳಲ್ಲಿ ನಡುನಡುವೆ ಏನೂ ನಡೆಯದ ಗಳಿಗೆಗಳು ಬರುತ್ತವೆ. ‘ಮೈ ನೇಬರ್ ಟೊಟೊರೊ’ (1988) ನೋಡಿ. ಅಮ್ಮ ಆಸ್ಪತ್ರೆಯಲ್ಲಿ, ಅಕ್ಕ ಸತ್ಸುಕಿ, ಪುಟ್ಟ ತಂಗಿ ಮೇಯ್. ರಾತ್ರಿ ಮಳೆಯಲ್ಲಿ ಅಪ್ಪನ ಬಸ್ಸಿಗಾಗಿ ಕಾಯುತ್ತಾರೆ. ತಂಗಿಗೆ ನಿದ್ದೆ, ಅಕ್ಕ ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಹನಿ ಬೀಳುವ ಸದ್ದು. ಮಲೆನಾಡಿನ ಮಳೆಯಲ್ಲಿ ಬಸ್ಸು ಕಾದವರಿಗೆ ಈ ದೃಶ್ಯ ಉದ್ದವೆನಿಸುವುದೇ ಇಲ್ಲ.

ಇಂಥ ಬಿಡುವಿಗೆ ಜಪಾನಿನವರು ‘ಮಾ’ ಎನ್ನುತ್ತಾರೆ. ಎರಡು ಚಪ್ಪಾಳೆಗಳ ನಡುವಿನ ಖಾಲಿ ಹೊತ್ತು ಎಂದು ಮಿಯಾಝಾಕಿ ವಿವರಿಸಿದ್ದುಂಟು. ಆ ಹೊತ್ತಿನಲ್ಲೇ ಪಾತ್ರ ಯೋಚಿಸುತ್ತದೆ, ನೋಡುವವರೂ ಯೋಚಿಸುತ್ತಾರೆ. ಬೆಳಿಗ್ಗೆ ಎದ್ದು ಎಲ್ಲರ ಬುತ್ತಿ ಕಟ್ಟುವ ಸತ್ಸುಕಿ ಎಷ್ಟು ಜಾಣೆ ಎಂದು ನಾವು ಮೆಚ್ಚುತ್ತಿರುವಾಗಲೇ, ಅಮ್ಮನ ಆರೋಗ್ಯದ ಸುದ್ದಿ ಕೆಟ್ಟು ಅವಳು ನೆರೆಯ ಅಜ್ಜಿಯ ಮುಂದೆ ಗಳಗಳನೆ ಅತ್ತುಬಿಡುತ್ತಾಳೆ. ಮನೆಯ ಹಿರಿಮಗಳೂ ಮಗುವೇ ಎಂಬುದನ್ನು ಮರೆಯುವವರು ನಾವೆಷ್ಟು ಮಂದಿಯಿಲ್ಲ!

ನಮ್ಮಲ್ಲಿ ಇಂಥ ಸಂಯಮ ಇಲ್ಲವೆಂದಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ‘ಫಣಿಯಮ್ಮ’ ನೋಡಿದವರಿಗೆ, ಮಾತು ಕಡಿಮೆಯಾದಷ್ಟೂ ಹೆಣ್ಣಿನ ಪಾತ್ರ ಎಷ್ಟು ಎತ್ತರಕ್ಕೆ ಬೆಳೆಯಬಲ್ಲುದೆಂದು ಗೊತ್ತು.

ಅನಾನಸು ಮತ್ತು ಹಸೆಗೆರೆ

ಮಿಯಾಝಾಕಿಯವರ ಜೊತೆಗಾರ ಇಸಾವೊ ತಕಹಾತಾ (1935–2018) ಇನ್ನೊಂದು ಬಗೆಯವರು. ಅವರ ‘ಓನ್ಲಿ ಯೆಸ್ಟರ್‌ಡೇ’ (1991) ನಮ್ಮಂಥ ದೊಡ್ಡವರಿಗೇ ಮಾಡಿದ ಚಿತ್ರ. ಮದುವೆಯಾಗದ, ಇಪ್ಪತ್ತೇಳರ ತಯೆಕೊ ಟೋಕಿಯೊದ ಆಫೀಸಿಗೆ ರಜೆ ಹಾಕಿ ಹಳ್ಳಿಗೆ ಹೋಗಿ ಕುಸುಬೆ ಹೂ ಬಿಡಿಸುತ್ತಾಳೆ. ದಾರಿಯುದ್ದಕ್ಕೂ ಹತ್ತು ವರ್ಷದ ತನ್ನನ್ನೇ ನೆನೆಯುತ್ತಾಳೆ. ಈಗಿನ ದೃಶ್ಯಗಳಿಗೆ ತುಂಬು ಬಣ್ಣ. ನೆನಪಿನ ದೃಶ್ಯಗಳಿಗೆ ತಿಳಿಬಣ್ಣ, ಅಂಚು ಬಿಳಿ. ಮೊದಲೇ ಮಾತು ಧ್ವನಿಮುದ್ರಿಸಿಕೊಂಡು, ಅದಕ್ಕೆ ಹೊಂದುವಂತೆ ತಯೆಕೊಳ ನಗುವಿನ ಕೆನ್ನೆಗೆರೆಗಳನ್ನೂ ಬರೆಸಿದ್ದಾರೆ.

ಅದರಲ್ಲೊಂದು ಅನಾನಸಿನ ಪ್ರಸಂಗವಿದೆ. ಮನೆಗೆ ಮೊಟ್ಟಮೊದಲು ಅನಾನಸು ಬಂದಿದೆ, ಹೆಚ್ಚುವುದು ಹೇಗೆಂದೇ ಯಾರಿಗೂ ಗೊತ್ತಿಲ್ಲ! ಸೊರಬ, ಬನವಾಸಿ ಕಡೆಯ ಹೊಲಗಳಲ್ಲಿ ಸಾಲುಸಾಲು ಅನಾನಸು ಕಂಡ ನಮಗೆ ನಗು ತಡೆಯಲಾಗಲಿಲ್ಲ. ಕೊನೆಗೂ ಹೆಚ್ಚಿದರೆ ರುಚಿಯಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟರೂ ಪುಟ್ಟ ತಯೆಕೊ ಮಾತ್ರ ಹಟದಿಂದ ತಿನ್ನುತ್ತಾಳೆ. ಆಸೆಪಟ್ಟದ್ದು ಸಪ್ಪೆಯೆಂದು ಒಪ್ಪಲಾರದ ಹುಡುಗಿಯ ಸ್ವಭಾವ ಅಷ್ಟರಲ್ಲೇ ತಿಳಿದುಹೋಯಿತು.

ತಕಹಾತಾ ಅವರ ಕೊನೆಯ ಚಿತ್ರ, ರಾಜಕುಮಾರಿ ಕಗುಯಾಳ ಕಥೆ (2013). ಇದ್ದಿಲಿನಲ್ಲಿ ಗೀಚಿದಂಥ ಗೆರೆ, ನೀರುಬಣ್ಣ. ಅರಮನೆಯಂಥ ಮನೆಯಿಂದ ಕಗುಯಾ ಸಂಕಟದಿಂದ ಓಡುವಾಗ ಗೆರೆಗಳೇ ಒರಟಾಗಿ ಚೆಲ್ಲಾಪಿಲ್ಲಿಯಾಗುತ್ತವೆ. “ಇದು ನಮ್ಮ ಹಸೆ ಚಿತ್ತಾರದ ಹಂಗೇ ಕೈಯಲ್ಲಿ ಎಳೆದಿದ್ದಲ್ವಾ?” ಎಂದಳು ತಂಗಿ. ಸೊರಬ, ಸಾಗರದ ಕಡೆ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನಲ್ಲಿ ಎಳೆಯುತ್ತಾರಲ್ಲ, ಅದು. ಗೆರೆಗೂ ಮನಸ್ಸಿದೆ ಎಂಬುದು ಆ ಹೆಂಗಸರಿಗೆ ಎಂದೋ ಗೊತ್ತಿರುವ ಸಂಗತಿ.

ನಿರ್ದೇಶಕಿಯ ಕಣ್ಣು

ಕೊನೆಯದಾಗಿ ನೋಡಿದ್ದು ನವೊಕೊ ಯಮಾದಾ ಎಂಬ ನಿರ್ದೇಶಕಿಯ ‘ಎ ಸೈಲೆಂಟ್ ವಾಯ್ಸ್’ (2016). ಕಿವಿ ಕೇಳದ ಶೊಕೊಳನ್ನು ಶಾಲೆಯಲ್ಲಿ ಪೀಡಿಸಿದ ಶೊಯಾ, ಮುಂದೆ ತಾನೇ ಒಂಟಿಯಾಗಿ, ಸಂಜ್ಞೆಯ ಭಾಷೆ ಕಲಿತು ಅವಳನ್ನು ಹುಡುಕಿ ಬರುತ್ತಾನೆ. ಜನರ ಮುಖ ನೋಡಲಾರದ ಅವನಿಗೆ ಎಲ್ಲರ ಮುಖದ ಮೇಲೂ ದೊಡ್ಡ ಕತ್ತರಿ ಗುರುತು ಕಾಣುತ್ತದೆ; ಮನಸ್ಸು ತೆರೆದಂತೆ ಅವು ಉದುರುತ್ತವೆ. ಯಮಾದಾ ಅವರು ಮುಖಕ್ಕಿಂತ ಕಾಲು, ಕೈ ತೋರಿಸುವುದೇ ಹೆಚ್ಚು. ತಲೆ ತಗ್ಗಿಸಿ ನಡೆಯುವವರಿಗೆ ಕಾಣುವುದೂ ಅಷ್ಟೇ ತಾನೇ?

ಮಕ್ಕಳೊಡನೆ ನೋಡುವ ಮುನ್ನ

• ಅನಿಮೆ ಎಂದ ಮಾತ್ರಕ್ಕೆ ಎಲ್ಲವೂ ಮಕ್ಕಳಿಗಲ್ಲ. ಹಿಂಸೆ, ಅಶ್ಲೀಲ ತುಂಬಿದವೂ ಇವೆ. ಯು, ಯುಎ 7+, 13+, 16+, ಎ ಎಂಬ ವಯಸ್ಸಿನ ಗುರುತು ನೋಡಿಯೇ ಹಚ್ಚಿ.

• ‘ಟೊಟೊರೊ’, ‘ಕಿಕಿ’ ಚಿಕ್ಕವರಿಗೂ ಒಗ್ಗುತ್ತವೆ. ಹಂದಿಯಾಗುವ ಅಪ್ಪ ಅಮ್ಮನನ್ನು ಕಂಡು ಪುಟ್ಟವರು ಹೆದರಬಹುದು. ‘ಸ್ಪಿರಿಟೆಡ್ ಅವೇ’ ಎಂಟು ಹತ್ತು ವರ್ಷದ ಮೇಲೆ ಸಾಕು.

• ‘ಎ ಸೈಲೆಂಟ್ ವಾಯ್ಸ್’ನಲ್ಲಿ ಆತ್ಮಹತ್ಯೆಯ ಯತ್ನ ಬರುತ್ತದೆ. ಹದಿಹರೆಯದವರು ಹಿರಿಯರ ಜೊತೆಗೇ ನೋಡಲಿ. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿಯ ಕಥೆ, ತಕಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988), ದೊಡ್ಡವರ ಎದೆಯನ್ನೇ ಹಿಂಡುವಂಥದು, ಚಿಕ್ಕವರಿಗೆ ಬೇಡ.

• ಮುಗಿದೊಡನೆ ‘ಇದರಿಂದ ಏನು ನೀತಿ ಕಲಿತೆ?’ ಎಂದು ಪರೀಕ್ಷೆ ಮಾಡಬೇಡಿ. ‘ಆ ಹುಡುಗಿ ಯಾಕೆ ಹಾಗೆ ಮಾಡಿದಳೇ?’ ಎಂದು ಕೇಳಿ ಸುಮ್ಮನಿರಿ. ಉತ್ತರ ಆ ಹುಡುಗಿಯ ಹೆಸರಿನಲ್ಲಿ ಬಂದರೂ ಮಾತು ನಿಮ್ಮ ಮಗಳದೇ ಆಗಿರುತ್ತದೆ.

• ಕಥೆ ಅರ್ಥವಾಗದಿದ್ದರೆ ಮಗಳನ್ನೇ ಕೇಳಿ. ಅಮ್ಮನಿಗೆ ಹೇಳಿಕೊಡುವುದೆಂದರೆ ಯಾವ ಹುಡುಗಿಗೆ ತಾನೇ ಹಿಗ್ಗಿಲ್ಲ! ಎರಡು ಗಂಟೆಯ ಬಿಡುವು ಮಾಡಿಕೊಳ್ಳಿ, ಸಾರು ಮೊದಲೇ ಕುದಿಸಿಡಿ.